ಅಲ್ಪ ಬಂಡವಾಳದ ಭಯಾನಕ ಚಿತ್ರಗಳು: ಒಂದು ಗುಣದೋಷ ವಿಚಾರ

ಸಿನಿಮಾ ಎಂದೊಡನೆ ಹಣದ ಮಾತು ಮೊದಲು ಬರುವುದು ಈ ಕಾಲದ ಲಕ್ಷಣವಾಗಿದೆ. ಇಂತಹ ಚಿತ್ರಕ್ಕೆ ಇಷ್ಟು ಕೋಟಿ ವೆಚ್ಚವಾಯಿತು, ಇಷ್ಟು ಕೋಟಿ ಗಳಿಕೆಯಾಯಿತು ಎಂಬ ಲೆಕ್ಕವನ್ನು ಕೇಳಿಯೇ ಅದರ ಯೋಗ್ಯತೆಯನ್ನು ನಿರ್ಣಯಿಸುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಹಣವುಳ್ಳವನಿಗೆ ಮಾತ್ರ ಕಲೆ ಒಲಿಯುವುದೆಂಬ ಈ ಭಾವನೆ ನಿಜವಾಗಿದ್ದ ಪಕ್ಷದಲ್ಲಿ, ಸಣ್ಣ ಊರಿನಲ್ಲಿದ್ದುಕೊಂಡು, ಸ್ನೇಹಿತರಿಂದ ಕೈಗಡ ತಂದು ಚಿತ್ರ ತೆಗೆಯಬೇಕೆಂದು ಹಂಬಲಿಸುವ ತರುಣನು ಆ ಹಂಬಲವನ್ನು ಇಂದೇ ಬಿಟ್ಟುಬಿಡುವುದು ಲೇಸು. ಆದರೆ ಅದು ನಿಜವಲ್ಲವೆಂಬುದಕ್ಕೆ ಭಯಾನಕ ಚಿತ್ರಗಳ ಚರಿತ್ರೆಯೇ ಸಾಕ್ಷಿಯಾಗಿ ನಿಂತಿದೆ. ಈ ಒಂದು ವರ್ಗದಲ್ಲಿ ಬಡವನು ಶ್ರೀಮಂತನನ್ನು ಸೋಲಿಸಿದ ನಿದರ್ಶನಗಳು ಒಂದೆರಡಲ್ಲ. ಹಾಗೆ ಗೆದ್ದವನು ಗೆಲುವಿನ ಫಲವನ್ನು ಮಾತ್ರ ಪರರ ಪಾಲು ಮಾಡಿಕೊಂಡ ನಿದರ್ಶನಗಳೂ ಕಡಿಮೆಯಾಗಿಲ್ಲ. ಈ ಎರಡನ್ನೂ ಒಟ್ಟಿಗೆ ವಿಚಾರಿಸುವುದು ನಮ್ಮ ಉದ್ದೇಶ.

ಭೂತಪ್ರೇತಗಳ ಚಿತ್ರಗಳನ್ನು ಕುರಿತು ಗಂಭೀರವಾಗಿ ಬರೆಯುವುದು ಕೆಲವರಿಗೆ ಅನುಚಿತವಾಗಿ ತೋರಬಹುದು. ಆದರೆ ನಾಟ್ಯಶಾಸ್ತ್ರವು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದಾಗಿದೆಯೆಂಬುದನ್ನು ಅಂತಹವರು ಮರೆಯಬಾರದು. ಈ ರಸವು ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ಹೇಳುವಾಗ ಭರತಮುನಿಯು ವಿಕಾರವಾದ ಧ್ವನಿ, ನರಿ ಗೂಬೆಗಳ ಕೂಗು, ಪಾಳುಬಿದ್ದ ಮನೆ, ಅರಣ್ಯ ಮುಂತಾದುವನ್ನು ಹೆಸರಿಸುತ್ತಾನೆ. ಈ ಪಟ್ಟಿಯಲ್ಲಿ ದುಬಾರಿಯಾದದ್ದು ಯಾವುದು? ವೀರರಸಕ್ಕೆ ಸೈನ್ಯ ಬೇಕು, ಶೃಂಗಾರಕ್ಕೆ ಉದ್ಯಾನವನ್ನೂ ಉಡುಗೆತೊಡುಗೆಗಳನ್ನೂ ಬಯಸುವುದು ರೂಢಿ. ಭಯಕ್ಕಾದರೋ ಒಂದು ಬರಿಯ ಮನೆ, ಒಂದು ಕತ್ತಲೆ, ಎಲ್ಲಿಂದಲೋ ಬಂದ ಒಂದು ಸದ್ದು ಸಾಕು. ಕಾಣದಿರುವುದಕ್ಕೆ ಹೆದರುವಷ್ಟು ಮನುಷ್ಯನು ಕಂಡದ್ದಕ್ಕೆ ಹೆದರುವುದಿಲ್ಲ. ತೋರಿಸದೆ ಇರುವುದಕ್ಕೆ ಹಣ ಬೇಕಾಗುವುದಿಲ್ಲ. ಅಲ್ಪ ಬಂಡವಾಳದವನ ಮೊದಲನೆಯ ಬಲವು ಇದು.

ಇದಕ್ಕೆ ಅಮೆರಿಕದಲ್ಲಿ 1968ರಲ್ಲಿ ತೆರೆ ಕಂಡ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಚಿತ್ರಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ಹಾಲಿವುಡ್ಡಿನಿಂದ ಬಹುದೂರದ ಪಿಟ್ಸ್‌ಬರ್ಗ್ ಎಂಬ ಉಕ್ಕಿನ ಕಾರ್ಖಾನೆಗಳ ನಗರದಲ್ಲಿ ಜಾರ್ಜ್ ರೊಮೆರೊ ಮತ್ತು ಅವರ ಸಂಗಡಿಗರು ಜಾಹೀರಾತಿನ ಚಿಕ್ಕ ಚಿತ್ರಗಳನ್ನು ತೆಗೆದು ಜೀವನ ಸಾಗಿಸುತ್ತಿದ್ದರು. ಹತ್ತು ಮಂದಿ ಸೇರಿ ತಲಾ 600 ಡಾಲರು ಹಾಕಿ ಒಂದು ಸಂಸ್ಥೆಯನ್ನು ಕಟ್ಟಿ, ಅನಂತರ ಪರಿಚಿತರಿಂದಲೂ ಹಣ ಕೂಡಿಸಿದರು. ಒಟ್ಟು ವೆಚ್ಚ ಸುಮಾರು 1,14,000 ಡಾಲರು. ಬಣ್ಣದ ಫಿಲ್ಮಿಗೆ ಹಣ ಸಾಲದೆ ಕಪ್ಪುಬಿಳುಪಿನಲ್ಲಿ ತೆಗೆದರು. ಕೆಡವಲು ನಿಶ್ಚಯಿಸಿದ್ದ ಒಂದು ಹಳ್ಳಿಮನೆಯನ್ನು ಬಾಡಿಗೆಗೆ ಹಿಡಿದರು. ಹೇಗೂ ಕೆಡವುವ ಮನೆಯಾದುದರಿಂದ ಬಾಗಿಲು ಕಿಟಕಿಗಳನ್ನು ಮನಸ್ಸು ಬಂದಂತೆ ಒಡೆಯಲು ಅಡ್ಡಿಯಿರಲಿಲ್ಲ. ರಕ್ತಕ್ಕೆ ಚಾಕೊಲೇಟಿನ ಪಾಕವನ್ನು ಬಳಸಿದರು. ಸಂಗೀತವನ್ನು ಹೊಸದಾಗಿ ರಚಿಸದೆ, ಸಿದ್ಧ ಸಂಗೀತದ ಭಂಡಾರವೊಂದರಿಂದ ಆಯ್ದುಕೊಂಡರು. ಹೂಡಿಕೆದಾರರೂ ಊರಿನ ಜನರೂ ತಾವೇ ಎದ್ದು ಬಂದ ಹೆಣಗಳ ವೇಷ ಹಾಕಿ ನಡೆದರು.

ಕಥೆಯಾದರೂ ಸರಳವಾದುದೇ. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನತೊಡಗುತ್ತಾರೆ. ಏಳು ಜನರು ಒಂದು ಮನೆಯಲ್ಲಿ ಸಿಕ್ಕಿಬೀಳುತ್ತಾರೆ. ಹೊರಗಿನ ಶತ್ರುವಿಗಿಂತ ಒಳಗಿನ ಕಲಹವೇ ಅವರನ್ನು ಹಾಳುಮಾಡುತ್ತದೆ. ನೆಲಮಾಳಿಗೆಯಲ್ಲಿ ಅವಿತಿರಬೇಕೋ ಮೇಲೆಯೇ ನಿಂತು ಕಾದಾಡಬೇಕೋ ಎಂಬ ವಾಗ್ವಾದದಲ್ಲಿ ಕಾಲ ಕಳೆದು ಮನೆ ಮುರಿಯುತ್ತದೆ. ಮನೆಯೊಳಗಿನ ಒಡಕು ಹೊರಗಿನ ವೈರಿಗೆ ಬಾಗಿಲು ತೆರೆಯುವುದೆಂಬ ಮಾತು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಎರಡನೆಯ ಬಲವು ಸ್ವಾತಂತ್ರ್ಯ. ಈ ಚಿತ್ರದ ನಾಯಕನಾದ ಡ್ವೇನ್ ಜೋನ್ಸ್ ಕರಿಯ ಜನಾಂಗದವರು. ಆ ಪಾತ್ರವನ್ನು ಕರಿಯನಿಗಾಗಿ ಬರೆದಿರಲಿಲ್ಲ. ಪರೀಕ್ಷೆಯಲ್ಲಿ ಅವರೇ ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸಿದರೆಂದು ಆರಿಸಿದರು. ಆತನ ಬಣ್ಣದ ಪ್ರಸ್ತಾಪವು ಚಿತ್ರದಲ್ಲಿ ಒಮ್ಮೆಯೂ ಬರುವುದಿಲ್ಲ. ಆ ಕಾಲದ ಅಮೆರಿಕದಲ್ಲಿ ಕರಿಯನೊಬ್ಬನು ಬಿಳಿಯರಿಗೆ ಆಜ್ಞೆ ಮಾಡಿ, ಅವರನ್ನು ಕಾಪಾಡಲು ಯತ್ನಿಸುವ ಪಾತ್ರವನ್ನು ದೊಡ್ಡ ಕಂಪನಿಗಳು ಸುಲಭವಾಗಿ ಒಪ್ಪುತ್ತಿರಲಿಲ್ಲ. ಇಷ್ಟಲ್ಲದೆ, ರಾತ್ರಿಯೆಲ್ಲ ಹೋರಾಡಿ ಉಳಿದ ಆ ನಾಯಕನನ್ನು ಬೆಳಗಾದ ಮೇಲೆ ರಕ್ಷಣೆಗೆಂದು ಬಂದ ಬಿಳಿಯರ ತಂಡವೇ ಹೆಣವೆಂದು ಭಾವಿಸಿ ಗುಂಡಿಟ್ಟು ಕೊಲ್ಲುತ್ತದೆ. ಅಂತ್ಯವನ್ನು ಬದಲಿಸಿದರೆ ಚಿತ್ರವನ್ನು ಕೊಳ್ಳುವ ಮಾತುಗಳು ಬಂದಿದ್ದುವೆಂದೂ, ತಾವು ಒಪ್ಪಲಿಲ್ಲವೆಂದೂ ರೊಮೆರೊ ಮುಂದೆ ಹೇಳಿದ್ದುಂಟು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಯಿತು. ಅಕ್ಟೋಬರ್ ಮೊದಲನೆಯ ದಿನ ಈ ಚಿತ್ರವು ಪ್ರದರ್ಶಿತವಾಯಿತು. ನೋಡಿದವರಿಗೆ ಆ ಕೊನೆಯ ಗುಂಡಿನ ಸದ್ದು ಬರಿಯ ಕಥೆಯಾಗಿ ಕೇಳಿಸಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು? ಪರರ ಹಣಕ್ಕೆ ಕೈಯೊಡ್ಡದವನು ಮಾತ್ರ ಹೀಗೆ ಮಾತಾಡಬಲ್ಲನು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರಸಂಗ್ರಹದ ಪಟ್ಟಿಗೆ ಇದನ್ನು ಸೇರಿಸಿಕೊಂಡದ್ದು ಯೋಗ್ಯವೇ ಆಯಿತು.

ಮೂರನೆಯ ಬಲವು ಸ್ಥಳದ ಸತ್ಯ. ಕ್ಯಾನ್ಸಾಸ್ ಪ್ರಾಂತದ ಹರ್ಕ್ ಹಾರ್ವಿ ಎಂಬವರು ಶಾಲೆಗಳಿಗೂ ಉದ್ಯಮಗಳಿಗೂ ಬೋಧಕ ಚಿತ್ರಗಳನ್ನು ತೆಗೆಯುವ ಸಂಸ್ಥೆಯೊಂದರಲ್ಲಿದ್ದರು. ಪ್ರಯಾಣಕಾಲದಲ್ಲಿ ಉಪ್ಪುನೀರಿನ ಮಹಾಸರೋವರದ ದಂಡೆಯಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರಮಂದಿರವನ್ನು ಕಂಡು, ಅದರಿಂದಲೇ ಒಂದು ಕಥೆಯನ್ನು ಹುಟ್ಟಿಸಿದರು. ಸುಮಾರು 33,000 ಡಾಲರಿನಲ್ಲಿ ಮುಗಿದ ‘ಕಾರ್ನಿವಲ್ ಆಫ್ ಸೋಲ್ಸ್’ 1962ರಲ್ಲಿ ಹೊರಬಂದಿತು. ಲಕ್ಷಗಟ್ಟಲೆ ಸುರಿದು ಕಟ್ಟಿದ ಯಾವ ರಂಗಸಜ್ಜಿಕೆಗೂ ಆ ಪಾಳುಮಂದಿರದ ಶೂನ್ಯತೆ ಬರಲಾರದು.

ಇಷ್ಟು ಗುಣಪಕ್ಷವಾಯಿತು. ದೋಷಗಳನ್ನು ಮುಚ್ಚಿಡುವುದು ಹಿತೈಷಿಗಳ ಲಕ್ಷಣವಲ್ಲ.

ಮೊದಲನೆಯದಾಗಿ, ಬಡತನಕ್ಕೆ ಸಂಬಂಧವೇ ಇಲ್ಲದ ತಪ್ಪುಗಳನ್ನು ಬಡತನದ ತಲೆಗೆ ಕಟ್ಟುವ ಚಾಳಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಾಗದಕ್ಕೂ ಲೇಖನಿಗೂ ಹೆಚ್ಚು ಹಣ ಬೇಕಾಗುವುದಿಲ್ಲ. ಆದರೂ ಈ ವರ್ಗದ ಬಹುಪಾಲು ಚಿತ್ರಗಳಲ್ಲಿ ಮೊದಲು ಕುಸಿಯುವುದು ಬರವಣಿಗೆಯೇ. ನಾವು ಹೊಗಳಿದ ಚಿತ್ರಗಳೂ ಈ ದೋಷದಿಂದ ಮುಕ್ತವಲ್ಲ. ರೊಮೆರೊರ ಚಿತ್ರದ ಬಾರ್ಬರಾ ಎಂಬ ಯುವತಿಯು ಪ್ರಾರಂಭದ ಆಘಾತದ ಅನಂತರ ಮೂಕಗೊಂಬೆಯಂತೆ ಕುಳಿತುಬಿಡುತ್ತಾಳೆ. 1990ರಲ್ಲಿ ಅದೇ ಕಥೆಯನ್ನು ಮತ್ತೆ ಚಿತ್ರಿಸಿದಾಗ ರೊಮೆರೊ ತಾವೇ ಅವಳನ್ನು ಧೀರಳನ್ನಾಗಿ ತಿದ್ದಿ ಬರೆದರು. ಧ್ವನಿಯ ವಿಷಯದಲ್ಲಿಯೂ ಅಲಕ್ಷ್ಯವೇ ಹೆಚ್ಚು. ಚಿತ್ರ ಮಸುಕಾದರೆ ಪ್ರೇಕ್ಷಕನು ಸಹಿಸಿಯಾನು. ಮಾತು ಕೇಳಿಸದಿದ್ದರೆ ಸಹಿಸಲಾರನು. ಭಯಾನಕದಲ್ಲಂತೂ ಅರ್ಧ ರಸವು ಕಿವಿಯ ಮೂಲಕವೇ ಬರುವುದು. ಇದನ್ನು ಅರಿತ ಜಾನ್ ಕಾರ್ಪೆಂಟರ್, ಮೂರು ಲಕ್ಷ ಡಾಲರಿಗೆ ಸ್ವಲ್ಪ ಹೆಚ್ಚುಕಡಿಮೆಯಾದ ವೆಚ್ಚದಲ್ಲಿ 1978ರ ‘ಹ್ಯಾಲೋವೀನ್’ ಚಿತ್ರವನ್ನು ತೆಗೆದಾಗ, ಅದರ ಸಂಗೀತವನ್ನು ತಾವೇ ರಚಿಸಿದರು. ಕೆಲವೇ ಸ್ವರಗಳ ಆ ಧಾಟಿ ಇಂದಿಗೂ ಚಿತ್ರಕ್ಕಿಂತ ಮುಂದಾಗಿ ಜನರ ಕಿವಿಯಲ್ಲಿದೆ.

ಎರಡನೆಯದು ಅನುಕರಣ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಚಿತ್ರವನ್ನು ಡೇನಿಯಲ್ ಮಿರಿಕ್ ಮತ್ತು ಎಡುವಾರ್ಡೊ ಸಾಂಚೆಸ್ ಎಂಬ ಇಬ್ಬರು ತರುಣರು ಮೇರಿಲ್ಯಾಂಡಿನ ಕಾಡಿನಲ್ಲಿ ಎಂಟು ದಿನಗಳಲ್ಲಿ ಚಿತ್ರಿಸಿದರು. ಮೂವರು ನಟರ ಕೈಗೇ ಕ್ಯಾಮೆರಾ ಕೊಟ್ಟು, ಕಾಡಿನಲ್ಲಿ ಕಾಣೆಯಾದ ವಿದ್ಯಾರ್ಥಿಗಳ ಬಳಿ ಸಿಕ್ಕಿದ ಚಿತ್ರವಿದು ಎಂಬ ವೇಷ ತೊಡಿಸಿದರು. ಪಿಶಾಚಿಯನ್ನು ಒಮ್ಮೆಯೂ ತೋರಿಸದ ಈ ಚಿತ್ರವು ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರು ಗಳಿಸಿತು. ಅನಂತರ ಅಲುಗಾಡುವ ಕ್ಯಾಮೆರಾವೇ ಯಶಸ್ಸಿನ ಗುಟ್ಟೆಂದು ತಿಳಿದು ಹೊರಟವರಿಗೆ ಲೆಕ್ಕವಿಲ್ಲ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಂತಾಯಿತು. ಕನ್ನಡದಲ್ಲಿಯೂ 2013ರಲ್ಲಿ ‘6-5=2’ ಎಂಬ ಚಿತ್ರವು, ಚಾರಣಕ್ಕೆ ಹೋದ ತರುಣರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳು ಎಂಬ ಇದೇ ವೇಷದಲ್ಲಿ ಬಂದು, ತಾರೆಗಳ ಹಂಗಿಲ್ಲದೆ ಹೊಸಮುಖಗಳಿಂದಲೇ ಜನಮನವನ್ನು ಸೆಳೆಯಿತು; ಮರುವರ್ಷವೇ ಹಿಂದಿಗೂ ಹೋಯಿತು. ವಿಧಾನವು ಪರದೇಶದ್ದಾದರೂ ಕಾಡು ನಮ್ಮದು, ಮಾತು ನಮ್ಮದು, ಹೆದರಿಕೆಯೂ ನಮ್ಮದು ಎಂಬುದೇ ಅದರ ಸತ್ತ್ವ. ವೇಷವನ್ನು ಮಾತ್ರ ಎರವಲು ತಂದು, ಒಳಗಿನದನ್ನು ತಮ್ಮದನ್ನಾಗಿ ಮಾಡಿಕೊಳ್ಳದವರು ನಿಲ್ಲಲಾರರು.

ಮೂರನೆಯದು ಪ್ರೇಕ್ಷಕನಲ್ಲಿಯೂ ನಟನಲ್ಲಿಯೂ ತೋರಬೇಕಾದ ನ್ಯಾಯದ ಅಭಾವ. ರೊಮೆರೊರ ಚಿತ್ರ ತೆರೆ ಕಂಡಾಗ ಅಮೆರಿಕದಲ್ಲಿ ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವರ್ಗೀಕರಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. ಅದು ಜಾರಿಗೆ ಬಂದದ್ದು ಮರುತಿಂಗಳು. ಹೀಗಾಗಿ ಮಧ್ಯಾಹ್ನದ ಆಟಗಳಲ್ಲಿ ಎಳೆಯ ಮಕ್ಕಳು ಇದನ್ನು ನೋಡಿ ಅತ್ತ ಸಂಗತಿಯನ್ನು ವಿಮರ್ಶಕರಾದ ರೋಜರ್ ಎಬರ್ಟ್ ಬರೆದಿಟ್ಟಿದ್ದಾರೆ. ಹೆದರಿಸುವುದು ಕಲೆಯಾಗಬಹುದು, ಯಾರನ್ನು ಹೆದರಿಸುತ್ತಿದ್ದೇವೆ ಎಂಬುದನ್ನು ನೋಡದಿರುವುದು ಕಲೆಯಲ್ಲ. ಇನ್ನು ‘ಬ್ಲೇರ್ ವಿಚ್’ ಚಿತ್ರದ ನಟರು ತಮ್ಮ ನಿಜವಾದ ಹೆಸರುಗಳಲ್ಲಿಯೇ ಅಭಿನಯಿಸಿದ್ದರು. ಅವರು ಸತ್ತಿದ್ದಾರೆಂಬ ಭ್ರಾಂತಿ ಹರಡಲೆಂದು ಅವರನ್ನು ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಇಡಲಾಯಿತು. ಕೋಟಿಗಟ್ಟಲೆ ಗಳಿಸಿದ ಚಿತ್ರದಿಂದ ಅವರಿಗೆ ಬಂದದ್ದು ಅತ್ಯಲ್ಪ. ಕಾಲು ಶತಮಾನ ಕಳೆದ ಮೇಲೆ, 2024ರಲ್ಲಿ, ತಮಗೆ ಸಲ್ಲಬೇಕಾದುದನ್ನು ಸಲ್ಲಿಸಿರೆಂದು ಅವರು ಬಹಿರಂಗವಾಗಿ ಕೇಳಬೇಕಾಯಿತು. ಬಡತನದಲ್ಲಿ ಎಲ್ಲರೂ ಪಾಲುದಾರರಾಗಿ ದುಡಿದು, ಸಿರಿ ಬಂದಾಗ ಕೆಲವರನ್ನು ಮರೆಯುವುದು ಯಾವ ನ್ಯಾಯ?

ನಾಲ್ಕನೆಯದೂ ಅತ್ಯಂತ ಶೋಚನೀಯವಾದುದೂ ವ್ಯವಹಾರಜ್ಞಾನದ ಕೊರತೆ. ರೊಮೆರೊರ ಚಿತ್ರಕ್ಕೆ ಮೊದಲಿದ್ದ ಹೆಸರನ್ನು ವಿತರಕರು ಬದಲಿಸಿದರು. ಆಗಿನ ಅಮೆರಿಕದ ಕಾಯಿದೆಯ ಪ್ರಕಾರ ಕೃತಿಸ್ವಾಮ್ಯದ ಸೂಚನೆಯು ಚಿತ್ರದ ಮೇಲೆ ಇರಲೇಬೇಕಾಗಿತ್ತು. ಆ ಸೂಚನೆಯು ಹಳೆಯ ಹೆಸರಿನ ಫಲಕದಲ್ಲಿತ್ತು. ಹೊಸ ಫಲಕವನ್ನು ಹಾಕುವಾಗ ಅದು ಬಿಟ್ಟುಹೋಯಿತು. ಒಂದು ಸಾಲು ತಪ್ಪಿದ ಮಾತ್ರಕ್ಕೆ ಚಿತ್ರವು ಯಾರ ಸ್ವತ್ತೂ ಅಲ್ಲದೆ ಹೋಯಿತು. ಕಂಡಕಂಡವರು ಪ್ರತಿ ತೆಗೆದು ಮಾರಿದರು, ಪ್ರದರ್ಶಿಸಿದರು, ಜಗತ್ತೆಲ್ಲ ನೋಡಿತು. ಹತ್ತು ಮಂದಿ ಹಣ ಹಾಕಿ ಬೆಳೆಸಿದ ಬೆಳೆಯನ್ನು ಊರೆಲ್ಲ ಕೊಯ್ದುಕೊಂಡಿತು. 1990ರ ಪುನರ್ನಿರ್ಮಾಣಕ್ಕೆ ಈ ನಷ್ಟವನ್ನು ಕೊಂಚವಾದರೂ ತುಂಬಿಕೊಳ್ಳುವ ಆಸೆಯೂ ಒಂದು ಕಾರಣವಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಹಾರ್ವಿಯವರ ಚಿತ್ರಕ್ಕೂ ಇದೇ ಗತಿ: ಅದರ ಸ್ವಾಮ್ಯವೂ ಉಳಿಯಲಿಲ್ಲ, ವಿತರಕರಿಂದ ಹಣವೂ ಬರಲಿಲ್ಲ, ಆ ಪ್ರತಿಭಾಶಾಲಿ ಮತ್ತೊಂದು ಕಥಾಚಿತ್ರವನ್ನು ತೆಗೆಯಲೇ ಇಲ್ಲ.

ನಮ್ಮ ದೇಶದ ಕಾಯಿದೆಯು ಈ ವಿಷಯದಲ್ಲಿ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಹಕ್ಕು ಹುಟ್ಟಲು ಸೂಚನಾಫಲಕವಾಗಲಿ ನೋಂದಣಿಯಾಗಲಿ ಕಡ್ಡಾಯವಲ್ಲ. ಚಲಚ್ಚಿತ್ರದ ಸ್ವಾಮ್ಯವು ಪ್ರಕಟವಾದ ಮೇಲೆ 60 ವರ್ಷಗಳವರೆಗೆ ನಡೆಯುತ್ತದೆ. ಸ್ವಾಮ್ಯವನ್ನು ಪರರಿಗೆ ವಹಿಸಿಕೊಡುವುದು ಬರಹದಲ್ಲಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳಿಗೆ ಮಾತ್ರವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆಯೇ ಭಾವಿಸುತ್ತದೆ. 2012ರ ತಿದ್ದುಪಡಿಯು ಸಾಹಿತಿ ಮತ್ತು ಸಂಗೀತಗಾರರ ಪಾಲನ್ನು ಇನ್ನಷ್ಟು ಭದ್ರಪಡಿಸಿದೆ. ಆದರೆ ಕಾಯಿದೆಯು ಬಾಯಿಮಾತಿನವನನ್ನು ಎಷ್ಟೆಂದು ಕಾಪಾಡೀತು? ಅವಧಿ, ಪ್ರದೇಶ, ಪಾಲು ಇವುಗಳನ್ನು ಸ್ಪಷ್ಟವಾಗಿ ಬರೆಯಿಸಿಕೊಳ್ಳದೆ, ಚಿತ್ರ ತೆರೆ ಕಂಡರೆ ಸಾಕೆಂಬ ಆತುರದಲ್ಲಿ ಕಂಡ ಕಾಗದಕ್ಕೆ ರುಜು ಹಾಕುವವನ ಕೈಯಿಂದ ಎಲ್ಲವೂ ಜಾರಿಹೋಗುತ್ತದೆ.

ಆದುದರಿಂದ ನಮ್ಮ ತರುಣ ನಿರ್ಮಾಪಕರಿಗೆ ನಾವು ಹೇಳುವುದಿಷ್ಟೆ. ಹಾಸಿಗೆಯಿದ್ದಷ್ಟು ಕಾಲು ಚಾಚಿರಿ. ಆದರೆ ಹಾಸಿಗೆ ಚಿಕ್ಕದೆಂದು ನಾಚಬೇಡಿರಿ. ನಿಮ್ಮ ಊರಿನ ಪಾಳುಬಿದ್ದ ಛತ್ರವೂ, ಮಲೆನಾಡಿನ ಒಂಟಿಮನೆಯೂ, ಸಂಜೆಯಾದ ಮೇಲೆ ಯಾರೂ ಹೋಗದ ಕೆರೆಯ ಏರಿಯೂ ಪುಕ್ಕಟೆಯಾಗಿ ದೊರೆಯುವ ರಂಗಸಜ್ಜಿಕೆಗಳು. ಬರವಣಿಗೆಗೆ ತಿಂಗಳುಗಳನ್ನು ಕೊಡಿರಿ. ಧ್ವನಿಗೆ ಲಕ್ಷ್ಯ ಕೊಡಿರಿ. ಜೊತೆಯಲ್ಲಿ ದುಡಿದವರ ಪಾಲನ್ನು ಮೊದಲೇ ಗೊತ್ತುಮಾಡಿರಿ. ರುಜು ಹಾಕುವ ಮುನ್ನ ಬಲ್ಲ ವಕೀಲರಿಗೆ ಕಾಗದವನ್ನು ತೋರಿಸಿರಿ. ಚಿತ್ರಮಂದಿರಗಳ ಒಡೆಯರಾದರೂ ಇಂತಹ ಚಿತ್ರಗಳಿಗೆ ವಾರದಲ್ಲಿ ಒಂದೆರಡು ಆಟಗಳನ್ನು ಬಿಟ್ಟುಕೊಡುವ ಔದಾರ್ಯವನ್ನು ತೋರಬೇಕು. ಹತ್ತು ಜನರು ಕೂಡಿ ಹಣ ಹಾಕಿ ಒಂದು ಸತ್ಯವನ್ನು ಧೈರ್ಯವಾಗಿ ಹೇಳಬಲ್ಲರೆಂಬುದನ್ನು ಪಿಟ್ಸ್‌ಬರ್ಗಿನವರು ತೋರಿಸಿಕೊಟ್ಟಿದ್ದಾರೆ. ಅವರ ಧೈರ್ಯವನ್ನು ನಮ್ಮವರು ಕಲಿಯಲಿ. ಅವರು ತೆತ್ತ ದಂಡವನ್ನು ನಮ್ಮವರು ತೆರದಿರಲಿ ಎಂದು ನಾವು ಹಾರೈಸುತ್ತೇವೆ.