ಹವಳದ ಊರಿಗೆ ಹೋಗಿಬನ್ನಿ, ಮುಟ್ಟದೆ ನೋಡಿಬನ್ನಿ

ಊರಿನಿಂದ ಅಪ್ಪ-ಅಮ್ಮ ಬಂದರೆಂದರೆ ಆಸ್ಟ್ರೇಲಿಯಾದ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ. ಒಪೆರಾ ಹೌಸ್ ಆಯಿತು, ಬ್ಲೂ ಮೌಂಟನ್ಸ್ ಆಯಿತು, ಇನ್ನೆಲ್ಲಿಗೆ? ನಾವು ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್‌ಗೆ ಹೊರಟೆವು. ಅಲ್ಲಿಂದ 27 ಕಿ.ಮೀ. ದೂರದ ಗ್ರೀನ್ ಐಲ್ಯಾಂಡಿಗೆ ಹೋಗುವ ದೋಣಿಯಲ್ಲಿ ಅಮ್ಮ ತಮ್ಮ ಕೊರಳಿನ ಹವಳದ ಸರ ಹಿಡಿದು, "ಇದು ಇಲ್ಲೇ ಸಿಗುತ್ತಲ್ವಾ? ನಾಲ್ಕು ಆರಿಸಿಕೊಂಡು ಬರೋಣ" ಎಂದರು. ಅವರಿಗೆ ಉತ್ತರ ಹೇಳಲು ಹೋಗಿ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹವಳ ಎಂದರೇನು?

ಒಡವೆಯ ಕೆಂಪು ಹವಳದ ಜಾತಿಯೇ ಬೇರೆ. ಗ್ರೇಟ್ ಬ್ಯಾರಿಯರ್ ರೀಫ್ ಕಟ್ಟಿದ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಗುಂಪು. ಇವು ಸಮುದ್ರದ ನೀರಿನಿಂದ ಸುಣ್ಣ ತೆಗೆದು ತಮ್ಮ ಕೆಳಗೆ ಗೂಡು ಕಟ್ಟುತ್ತವೆ. ಹಳೆಯ ಗೂಡಿನ ಮೇಲೆ ಹೊಸದು ಏರುತ್ತ, ಸಾವಿರಾರು ವರ್ಷಗಳಲ್ಲಿ 2,300 ಕಿ.ಮೀ. ಉದ್ದಕ್ಕೆ ಹವಳದ ದಿಬ್ಬಗಳ ಸಾಲೇ ಎದ್ದಿದೆ. 1981ರಲ್ಲಿ ಇದು ವಿಶ್ವ ಪರಂಪರೆಯ ತಾಣವಾಯಿತು.

ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಬಣ್ಣವೂ ಹೆಚ್ಚಾಗಿ ಪಾಚಿಯದೇ. ಬೇಸಿಗೆಯಲ್ಲಿ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ಉಳಿದರೆ ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೆಳ್ಳಗಾದ ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 1998 ಮತ್ತು 2002ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಆಮೇಲೆ 2016, 2017, 2020, 2022, 2024, 2025 ಎಂದು ಮತ್ತೆ ಮತ್ತೆ ಬಂತು. ಸುಧಾರಿಸಿಕೊಳ್ಳಲು ಸಿಗುವ ಬಿಡುವು ಕಡಿಮೆಯಾಗುತ್ತಿರುವುದೇ ಚಿಂತೆಯ ವಿಷಯ.

ನೀರಿನೊಳಗಿನ ನೆರೆಹೊರೆ

ಗಿಳಿಯಂಥ ಕೊಕ್ಕಿನ ಗಿಳಿಮೀನು ಹವಳವನ್ನು ಕಟಕಟ ಕಡಿದು, ಅರೆದು, ಮರಳಾಗಿ ಹೊರಬಿಡುತ್ತದೆ. ನಾವು ಕಾಲಿಟ್ಟು ಮೆಚ್ಚಿಕೊಳ್ಳುವ ಬಿಳಿ ಮರಳಿನಲ್ಲಿ ಇದರ ಪಾಲೂ ಇದೆ! ಮಕ್ಕಳಿಗೆ ಪ್ರಿಯವಾದ 'ನೀಮೋ' ಜಾತಿಯ ಮೀನುಗಳೆಲ್ಲ ಹುಟ್ಟುವಾಗ ಗಂಡು. ಗುಂಪಿನ ಯಜಮಾನಿ ಸತ್ತರೆ ಅವಳ ಜೋಡಿಯೇ ಹೆಣ್ಣಾಗಿ ಮಾರ್ಪಡುತ್ತದೆ. ಒಂದು ಮೀಟರಿಗೂ ಮಿಕ್ಕಿ ಬೆಳೆಯುವ ಕಪ್ಪೆಚಿಪ್ಪುಗಳೂ ಇಲ್ಲಿವೆ. ದ್ವೀಪದ ಸುತ್ತಲಿನ ಕಡಲ ಹುಲ್ಲನ್ನು ಮೇಯಲು ಹಸಿರು ಕಡಲಾಮೆಗಳು ಬರುತ್ತವೆ.

ಇಳಿಯುವ ಮುನ್ನ

ನಮ್ಮಲ್ಲಿ ಅನೇಕರಿಗೆ ಈಜು ಬಾರದು. ಸಂಕೋಚಪಡಬೇಕಿಲ್ಲ, ಆದರೆ ಮುಚ್ಚಿಡಲೂಬಾರದು. ಸ್ನಾರ್ಕೆಲಿಂಗ್‌ಗೆ ಮೊದಲು ಆರೋಗ್ಯದ ಫಾರಂ ತುಂಬಬೇಕು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡಿದ್ದ ಅಪ್ಪ, ಹೃದಯದ ಕಾಯಿಲೆಯ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿದ್ದರು. ಕೇಳಿದರೆ, "ನಿಜ ಹೇಳಿದ್ರೆ ಬಿಡಲ್ಲ ಅಂದ್ಬಿಟ್ರೆ?" ಎಂದರು. ಫಾರಂ ತಿದ್ದಿಸಿದೆವು. ಶಾಂತವಾಗಿ ಕಾಣುವ ನೀರಿನಲ್ಲೂ ಉಪ್ಪುನೀರು ಬಾಯಿಗೆ ಹೋಗಿ ಗಾಬರಿಯಾದರೆ ಹೃದಯದ ಮೇಲೆ ಭಾರ ಬೀಳುತ್ತದೆ. ಅಂಥವರಿಗಾಗಿಯೇ ತೇಲುವ ಸಾಧನಗಳಿವೆ, ಕಣ್ಣಿಡುವ ಸಿಬ್ಬಂದಿ ಇದ್ದಾರೆ. ನೀರಿಗಿಳಿಯದೆಯೂ ನೋಡಲು ಗಾಜಿನ ತಳದ ದೋಣಿ ಇದೆ. ಅಪ್ಪ ಅದನ್ನೇ ಹತ್ತಿದರು.

ಇನ್ನು ಕೆಲವು ಮಾತು:

• ಸುಮಾರು ನವೆಂಬರಿನಿಂದ ಮೇ ವರೆಗೆ ವಿಷಕಾರಿ ಜೆಲ್ಲಿ ಮೀನುಗಳ ಕಾಲ. ಮೈತುಂಬ ಮುಚ್ಚುವ ಸೂಟ್ ತೊಡಿ. ಕುಟುಕಿದರೆ ವಿನಿಗರ್ ಸುರಿದು 000ಗೆ ಕರೆ ಮಾಡಿ.
• ಒಬ್ಬರೇ ಇಳಿಯಬೇಡಿ, ಜೋಡಿ ಬಿಡಬೇಡಿ.
• ಡೈವಿಂಗ್ ಮಾಡಿದರೆ ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡುವಿರಲಿ.
• ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ನಿಮ್ಮ ಫಿನ್ನಿನ ಒಂದು ಒದೆತಕ್ಕೆ ಮುರಿಯುವ ಕೊಂಬೆ ಬೆಳೆಯಲು ವರ್ಷಗಳೇ ಬೇಕು. ಪರವಾನಗಿ ಇಲ್ಲದೆ ಹವಳ ತೆಗೆಯುವುದು ಅಪರಾಧವೂ ಹೌದು.

ಊರಿಗೆ ಹೋದಾಗ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ನೀರಿಗಿಳಿಯುವವರಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿಯೂ ಹವಳಗಳಿವೆ.

ಅಮ್ಮ ಬರಿಗೈಯಲ್ಲೇ ಊರಿಗೆ ಮರಳಿದರು. ಅಂದು ನೀರಿಗಿಳಿದ ನಮಗ್ಯಾರಿಗೂ ಕಾಣದ ಕಡಲಾಮೆ ದೋಣಿಯಲ್ಲಿ ಕುಳಿತ ಅಪ್ಪನಿಗೆ ಕಂಡಿತ್ತು. ಈಗಲೂ ಫೋನ್ ಮಾಡಿದಾಗಲೆಲ್ಲ ಅವರು ಅದರ ಕಥೆ ಹೇಳುತ್ತಾರೆ. ಫಾರಂನಲ್ಲಿ ನಿಜ ಬರೆಸಿದ್ದು ಒಳ್ಳೆಯದಾಯಿತೆಂದು ನಾವು ಪ್ರತಿ ಸಲವೂ ಅಂದುಕೊಳ್ಳುತ್ತೇವೆ.