ಕೋವಿಗೂ ಬೇಕು ರಹದಾರಿ

ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದವರು ಬೆಳಗಾಗುವಾಗ ಬೆಂಗಳೂರಿನ ಸಮೀಪ ಕಣ್ಣು ಬಿಡುತ್ತಾರೆ. ನಡುವೆ ರೈಲು ಗುಂತಕಲ್, ಅನಂತಪುರ, ಧರ್ಮಾವರಗಳನ್ನು ಹಾದು ಬಂದಿರುತ್ತದೆ. ಕರ್ನಾಟಕದ ಒಂದು ಊರಿನಿಂದ ಇನ್ನೊಂದು ಊರಿಗೆ ಹೊರಟವರು ಆಂಧ್ರಪ್ರದೇಶವನ್ನು ಹೊಕ್ಕು ಹೊರಬಂದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಪ್ರಯಾಣಿಕರ ಸಾಮಾನಿನಲ್ಲಿ ಒಂದು ಕೋವಿ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಅವರ ಪರವಾನಗಿಯ ಮೇಲೆ ‘ಕರ್ನಾಟಕ ರಾಜ್ಯಕ್ಕೆ ಮಾತ್ರ’ ಎಂದು ಬರೆದಿದ್ದರೆ, ಗುಂತಕಲ್ ನಿಲ್ದಾಣದಲ್ಲಿ ಆ ಪರವಾನಗಿಗೆ ಬೆಲೆಯಿಲ್ಲ.

ರಾಜ್ಯದ ಗಡಿಯಲ್ಲೇ ಹೀಗಾದರೆ ದೇಶದ ಗಡಿಯಲ್ಲಿ ಹೇಗೆ? ಬೇಟೆಗೆಂದು ದಕ್ಷಿಣ ಆಫ್ರಿಕಕ್ಕೋ ಕೆನಡಾಕ್ಕೋ ಹೋಗುವವರು ಸ್ವಂತ ಕೋವಿಯನ್ನು ಜತೆಗೆ ಒಯ್ಯಬಹುದೆ? ಒಯ್ದರೆ ಯಾರ ಅನುಮತಿ ಬೇಕು? ಮರಳಿ ತರುವಾಗ ಏನಾಗುತ್ತದೆ? ಇವು ಕೆಲವೇ ಜನರ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಈ ಪ್ರಶ್ನೆಗಳ ಹಿಂದೆ ಒಂದೂವರೆ ಶತಮಾನದ ಚರಿತ್ರೆಯಿದೆ. ಸಣ್ಣ ಮರೆವಿಗೆ ಸೆರೆಮನೆ ಸೇರುವ ಅಪಾಯವೂ ಇದೆ.

ಹಕ್ಕಲ್ಲ, ಅಳೆದು ಕೊಟ್ಟ ಅನುಮತಿ

‘ರಹದಾರಿ’ ಎಂಬುದು ಪಾರಸಿ ಮೂಲದ ಮಾತು. ‘ರಾಹ್’ ಎಂದರೆ ದಾರಿ. ದಾರಿಯಲ್ಲಿ ಸಾಗಲು ಆಳುವವರು ಕೊಡುವ ಅನುಮತಿಪತ್ರಕ್ಕೆ ಆ ಹೆಸರು. ಮನುಷ್ಯನಿಗೆ ರಹದಾರಿಯಾಗಿ ಪಾಸ್‌ಪೋರ್ಟ್ ಇದೆ. ಅದನ್ನು ಜಗತ್ತಿನ ಎಲ್ಲ ದೇಶಗಳೂ ಗುರುತಿಸುತ್ತವೆ. ಕೋವಿಗೆ ಅಂಥ ಲೋಕಮಾನ್ಯ ಪತ್ರ ಇಲ್ಲ. ಅದು ದಾಟುವ ಪ್ರತಿಯೊಂದು ಗಡಿಯಲ್ಲೂ ಹೊಸ ಕಾಗದ ಬೇಕು.

ಇದಕ್ಕೆ ಕಾರಣ ಪರವಾನಗಿಯ ಸ್ವರೂಪದಲ್ಲೇ ಇದೆ. ಕೋವಿಯ ಪರವಾನಗಿ ವ್ಯಕ್ತಿಗೆ ಶಾಶ್ವತವಾಗಿ ಕೊಟ್ಟ ಹಕ್ಕಲ್ಲ. ಇಂಥವರಿಗೆ, ಇಂಥ ಆಯುಧಕ್ಕೆ, ಇಂಥ ಉದ್ದೇಶಕ್ಕೆ, ಇಷ್ಟು ಪ್ರದೇಶದೊಳಗೆ, ಇಷ್ಟು ವರ್ಷಗಳ ಮಟ್ಟಿಗೆ ಎಂದು ಅಳೆದು ಕೊಟ್ಟ ಅನುಮತಿ ಅದು. ಈ ಐದರಲ್ಲಿ ಒಂದು ತಪ್ಪಿದರೂ ಪರವಾನಗಿ ಉಳ್ಳವರು ಇಲ್ಲದವರ ಸಾಲಿಗೆ ಸೇರುತ್ತಾರೆ.

ಬಳ್ಳಾರಿಯ ಗಾಂಧಿನಗರದ ನಿವಾಸಿಯೊಬ್ಬರು ಕೋವಿಗೆ ಅರ್ಜಿ ಹಾಕಿದರೆಂದು ಇಟ್ಟುಕೊಳ್ಳೋಣ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಜಿಲ್ಲಾ ದಂಡಾಧಿಕಾರಿಯಾಗಿ ಪರವಾನಗಿ ಕೊಡುವ ಅಧಿಕಾರ ಅವರದು. ಅವರು ಸಮೀಪದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಮಂಜೂರಾದರೆ ಕೋವಿಯ ಕ್ರಮಸಂಖ್ಯೆ ಲೈಸೆನ್ಸ್ ಪುಸ್ತಕದಲ್ಲಿ ದಾಖಲಾಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಕ್ರೀಡಾಪಟುಗಳಿಗೆ ಪ್ರತ್ಯೇಕ ರಿಯಾಯಿತಿಗಳಿವೆ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆ ಮತ್ತು ದಂಡ.

ಪರವಾನಗಿಯ ಪ್ರದೇಶ ಗಡಿ ಜಿಲ್ಲೆಯವರಿಗೆ ಬಹಳ ಮುಖ್ಯ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದರಾಸು ರಾಜ್ಯಕ್ಕೆ ಸೇರಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರು ರಾಜ್ಯಕ್ಕೆ ಬಂದವು. ನೆಂಟಸ್ತಿಕೆ, ವ್ಯಾಪಾರ, ಸಂತೆಗಳಿಗೆ ಆ ಗೆರೆ ಇಂದಿಗೂ ಅಡ್ಡಿಯಾಗಿಲ್ಲ. ಸಿರುಗುಪ್ಪದವರು ಆದೋನಿಗೆ ಹೋಗಿಬರಲು ಯಾರನ್ನೂ ಕೇಳಬೇಕಿಲ್ಲ. ಆದರೆ ಕೋವಿಗೆ ಆ ಗೆರೆ ಗೋಡೆಯೇ ಸರಿ. ವಿದೇಶಕ್ಕೆ ಹೊರಟ ಬಳ್ಳಾರಿಯವರು ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಹೋಗಲಿ, ರೈಲಿನಲ್ಲಿ ಬೆಂಗಳೂರಿಗೆ ಹೋಗಲಿ, ಪರವಾನಗಿ ಇಡೀ ದೇಶಕ್ಕೆ ಸಲ್ಲುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇಲ್ಲವಾದರೆ ವಿಮಾನ ಹತ್ತುವ ಮೊದಲೇ ತಪ್ಪಾಗಿರುತ್ತದೆ.

ದೊರೆಗಳ ಭಯ, ಪ್ರಜೆಗಳ ಬೇಡಿಕೆ

1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯಲು ಹೊರಟರು. ಲಾರ್ಡ್ ಲಿಟ್ಟನ್ ವೈಸರಾಯ್ ಆಗಿದ್ದಾಗ ಬಂದ 1878ರ ಆಯುಧ ಕಾಯ್ದೆ ಪರವಾನಗಿ ಪದ್ಧತಿಯನ್ನು ಗಟ್ಟಿಮಾಡಿತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ ಇತ್ತು. ದೇಶದ ಪ್ರಜೆಗೆ ಪರವಾನಗಿ ಬೇಕು, ಬಿಳಿಯ ದೊರೆಗೆ ಬೇಡ ಎಂಬ ಭೇದ ವಿದ್ಯಾವಂತರನ್ನು ಕೆರಳಿಸಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ ಗಾಂಧೀಜಿ ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗಾಗಿ ಆಯುಧ ಪರವಾನಗಿ ಕೊಡಬೇಕು, ಆದರೆ ಅದು ಪ್ರಜೆಗಳ ಹತೋಟಿಯಲ್ಲಿರಬೇಕು ಎಂಬುದೂ ಒಂದು. ಅಹಿಂಸೆಯ ಪ್ರವಾದಿ ಹೀಗೆ ಕೇಳಿದರೇ ಎಂದು ಆಶ್ಚರ್ಯವಾಗಬಹುದು. ಗಾಂಧೀಜಿಗೆ ಬೇಕಾಗಿದ್ದದ್ದು ಕೋವಿಯಲ್ಲ, ಪ್ರಜೆಯನ್ನು ಅನುಮಾನದಿಂದ ನೋಡುವ ಕಾನೂನಿನ ಅಂತ್ಯ.

ಕನ್ನಡ ನಾಡಿನಲ್ಲಿ ಈ ಕಾನೂನಿನಿಂದ ಹೊರಗುಳಿದ ಒಂದು ಭಾಗವಿದೆ. ಅದು ಕೊಡಗು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಹುಟ್ಟಿನ ಆಚರಣೆಯಿಂದ ಕೈಲ್‌ಪೊಳ್ದ್ ಹಬ್ಬದವರೆಗೆ ಕೋವಿ ಅಲ್ಲಿನ ಸಂಸ್ಕೃತಿಯ ಭಾಗ. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಇದಕ್ಕೂ ಮಿತಿಯಿದೆ. ಎಷ್ಟೇ ಗೌರವದ ವಿನಾಯಿತಿಯಾದರೂ ಅದು ಭಾರತದ ಕಾನೂನು ಕೊಟ್ಟದ್ದು. ಬೇರೆ ದೇಶದ ಅಧಿಕಾರಿ ಅದನ್ನು ಒಪ್ಪಬೇಕಾಗಿಲ್ಲ.

ಬರುವವರ ಕಾಲ ಹೋಯಿತು

ಈಗ ಜಾರಿಯಲ್ಲಿರುವ ಆಯುಧ ಕಾಯ್ದೆ 1959ರದು. ಅದರ ಹತ್ತನೆಯ ಕಲಂ ಕೋವಿಯನ್ನು ದೇಶಕ್ಕೆ ತರುವ, ದೇಶದಿಂದ ಒಯ್ಯುವ ಬಗ್ಗೆ ಹೇಳುತ್ತದೆ. ಸಾಮಾನ್ಯ ನಿಯಮದಂತೆ ಎರಡಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಆದರೆ ಎರಡು ಸಡಿಲಿಕೆಗಳಿವೆ. ಮೊದಲನೆಯದು, ಕಾನೂನುಬದ್ಧವಾಗಿ ಕೋವಿ ಹೊಂದಿದವರು ಸ್ವಂತ ಉಪಯೋಗಕ್ಕೆ ಮಿತ ಪ್ರಮಾಣದಲ್ಲಿ ಜತೆಗೊಯ್ಯಬಹುದು, ಜತೆಗೆ ತರಬಹುದು. ಎರಡನೆಯದು ವಿದೇಶಿ ಪ್ರವಾಸಿಗರಿಗೆ ಸಂಬಂಧಿಸಿದ್ದು. ಸರ್ಕಾರ ಹೆಸರಿಸಿದ ದೇಶಗಳ ಪ್ರಾಮಾಣಿಕ ಪ್ರವಾಸಿಗರು ಕ್ರೀಡೆಗೆಂದು ಮಾತ್ರ ಕೋವಿ ತರಬಹುದು.

ಈ ಎರಡನೆಯ ಸಡಿಲಿಕೆ ಬರೆದ ಕಾಲಕ್ಕೆ ಭಾರತ ಶಿಕಾರಿಯ ದೇಶವಾಗಿತ್ತು. ಹುಲಿ ಹೊಡೆಯಲು ಅಮೆರಿಕ, ಯುರೋಪುಗಳಿಂದ ಹಣವಂತರು ಬರುತ್ತಿದ್ದರು, ಅವರನ್ನು ಕಾಡಿಗೆ ಕರೆದೊಯ್ಯುವ ಶಿಕಾರಿ ಕಂಪೆನಿಗಳಿದ್ದವು. ಹೆಚ್ಚು ಕಾಲ ಅದು ನಡೆಯಲಿಲ್ಲ. 1970ರಲ್ಲಿ ಹುಲಿ ಬೇಟೆ ನಿಂತಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಮೊದಲು ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ದೊರೆಯುತ್ತಿತ್ತು. 1991ರ ತಿದ್ದುಪಡಿ ಆ ಲೈಸೆನ್ಸ್ ಪದ್ಧತಿಯನ್ನೇ ತೆಗೆದುಹಾಕಿತು. ಬೆಳೆಗೆ ಅಪಾಯವಾದಾಗಲೂ ಅಧಿಕಾರಿಯ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ. ಹೀಗಾಗಿ ಇಂದು ವಿನೋದಕ್ಕೆ ಬೇಟೆಯಾಡಬೇಕೆನ್ನುವ ಭಾರತೀಯರು ದೇಶ ಬಿಟ್ಟೇ ಹೋಗಬೇಕು. ಬರುವ ಶಿಕಾರಿಗಳಿಗೆಂದು ಬರೆದ ಕಾನೂನು ಈಗ ಮುಖ್ಯವಾಗಿ ಉಪಯೋಗಕ್ಕೆ ಬರುವುದು ಹೋಗುವವರಿಗೆ, ಅದಕ್ಕಿಂತ ಹೆಚ್ಚಾಗಿ ವಿದೇಶದ ಸ್ಪರ್ಧೆಗಳಿಗೆ ಹೊರಟ ಗುರಿಕಾರರಿಗೆ.

ಹೊರಡುವಾಗಿನ ಎಚ್ಚರ

‘ಸ್ವಂತ ಉಪಯೋಗ’, ‘ಮಿತ ಪ್ರಮಾಣ’ ಎಂಬ ಮಾತುಗಳನ್ನು ಯಾರು ಅಳೆಯಬೇಕು? ಅನುಮಾನ ಬಂದರೆ ಕಸ್ಟಮ್ಸ್ ಕಮಿಷನರ್ ಕೋವಿಯನ್ನು ತಡೆದಿಟ್ಟು, ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಕಾಯಬಹುದು ಎಂದು ಅದೇ ಕಲಂ ಹೇಳುತ್ತದೆ. ವಿಮಾನ ಕಾಯುವುದಿಲ್ಲ. ಆದ್ದರಿಂದ ಕಾಗದಪತ್ರ ಮೊದಲೇ ಅಚ್ಚುಕಟ್ಟಾಗಿರಬೇಕು.

ಕೋವಿಯನ್ನು ವಿಮಾನದ ಒಳಗೆ ಕೈಚೀಲದಲ್ಲಿ ಒಯ್ಯುವಂತಿಲ್ಲ. ವಿಮಾನ ಕಂಪೆನಿಗೆ ಮುಂಚಿತವಾಗಿ ತಿಳಿಸಿ, ತೋಟಾ ತೆಗೆದು ಬರಿದು ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಸರಕಿನ ಜತೆ ಕಳುಹಿಸಬೇಕು. ತೋಟಾಗಳನ್ನು ಬೇರೆಯಾಗಿ ಕಟ್ಟಬೇಕು. ಅಂತರರಾಷ್ಟ್ರೀಯ ವಿಮಾನಯಾನ ನಿಯಮದಂತೆ ಒಬ್ಬ ಪ್ರಯಾಣಿಕರಿಗೆ 5 ಕಿಲೋ ತೂಕದವರೆಗೆ ಮಾತ್ರ ತೋಟಾಗಳಿಗೆ ಅವಕಾಶ. ಕೆಲವು ಕಂಪೆನಿಗಳು ಅದನ್ನೂ ಒಪ್ಪುವುದಿಲ್ಲ.

ಅನೇಕರು ಮರೆಯುವುದು ಮರಳುವ ದಾರಿಯನ್ನು. ಹೊರಡುವಾಗ ಕಸ್ಟಮ್ಸ್ ಅಧಿಕಾರಿಗೆ ಕೋವಿ ತೋರಿಸಿ, ಅದರ ಕ್ರಮಸಂಖ್ಯೆ ನಮೂದಿಸಿದ ಪತ್ರವನ್ನು ಪಡೆಯಬೇಕು. ಆ ಪತ್ರವಿಲ್ಲದಿದ್ದರೆ ಮರಳುವಾಗ ಅದೇ ಕೋವಿ ವಿದೇಶದಲ್ಲಿ ಕೊಂಡ ಹೊಸ ಕೋವಿಯಂತೆ ಕಾಣುತ್ತದೆ. ವಿದೇಶಿ ಕೋವಿಯ ಆಮದಿಗೆ ಭಾರತದಲ್ಲಿ ಬಿಗಿಯಾದ ನಿರ್ಬಂಧವಿದೆ. ತನ್ನದೇ ವಸ್ತು ತನ್ನದೆಂದು ರುಜುವಾತು ಮಾಡುವ ಹೊಣೆ ಆಗ ಪ್ರಯಾಣಿಕರ ಮೇಲೆ ಬೀಳುತ್ತದೆ.

ಒಂದೊಂದು ದೇಶ, ಒಂದೊಂದು ಕಾಗದ

ದಕ್ಷಿಣ ಆಫ್ರಿಕದಲ್ಲಿ ಪೊಲೀಸ್ ಇಲಾಖೆಯ 520ನೆಯ ನಮೂನೆ ತುಂಬಿ ತಾತ್ಕಾಲಿಕ ಆಮದು ಅನುಮತಿ ಪಡೆಯಬೇಕು. ಅದನ್ನು ಕಪ್ಪು ಶಾಯಿಯಲ್ಲೇ ತುಂಬಬೇಕು. ಕೋವಿಯ ಒಡೆತನದ ಪುರಾವೆ, ಮರುಪ್ರಯಾಣದ ಟಿಕೆಟ್, ಬೇಟೆ ಏರ್ಪಡಿಸಿದವರ ಆಹ್ವಾನಪತ್ರ ಜತೆಗಿರಬೇಕು. ಕೆನಡಾದಲ್ಲಿ 5589ನೆಯ ನಮೂನೆಯ ಘೋಷಣೆ ಇದೆ. 25 ಡಾಲರ್ ಕಟ್ಟಿದರೆ ಅದು 60 ದಿನ ನಡೆಯುತ್ತದೆ. ಬ್ರಿಟನ್ನಿನಲ್ಲಿ ಪ್ರವಾಸಿಗರ ಪರವಾಗಿ ಅಲ್ಲಿನವರೊಬ್ಬರು ಪೊಲೀಸರಿಗೆ ಅರ್ಜಿ ಹಾಕಬೇಕು. ಯುರೋಪಿಯನ್ ಒಕ್ಕೂಟ ತನ್ನ ನಿವಾಸಿಗಳಿಗಾಗಿ ‘ಕೋವಿಯ ಪಾಸ್‌ಪೋರ್ಟ್’ ಒಂದನ್ನು ರೂಪಿಸಿದೆ. ಆದರೆ ಭಾರತದಿಂದ ಹೋದವರಿಗೆ ಅದು ಸಿಗದು.

ಅಮೆರಿಕದ ಕಥೆ ಕನ್ನಡಿಗ ಕುಟುಂಬಗಳಿಗೆ ಹೆಚ್ಚು ಹತ್ತಿರದ್ದು. ಅಂಗಡಿಯಲ್ಲಿ ಕೋವಿ ಮಾರುವ ದೇಶ ಅದು ಎಂಬ ತಿಳಿವಳಿಕೆಯಿಂದ ಅನೇಕರು ಮೋಸಹೋಗುತ್ತಾರೆ. ಪ್ರವಾಸಿ, ವಿದ್ಯಾರ್ಥಿ ಅಥವಾ ಎಚ್-1ಬಿ ವೀಸಾದಲ್ಲಿ ಹೋದವರು ಕೋವಿ ಹೊಂದುವುದನ್ನು ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ಮುಖ್ಯ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್. ವಾರಾಂತ್ಯದಲ್ಲಿ ಗೆಳೆಯರ ಜತೆ ಜಿಂಕೆ ಬೇಟೆಗೆ ಹೊರಟ ಸಾಫ್ಟ್‌ವೇರ್ ಎಂಜಿನಿಯರ್ ಆ ತುಂಡು ಕಾಗದ ಇಲ್ಲದೆ ಕೋವಿ ಹಿಡಿದರೆ, ಅವರ ಕೆಲಸ, ವೀಸಾ ಎರಡಕ್ಕೂ ಕುತ್ತು ಬರಬಹುದು.

ನಡುದಾರಿಯಲ್ಲಿ ವಿಮಾನ ಬದಲಿಸುವ ದೇಶವನ್ನೂ ಮರೆಯುವಂತಿಲ್ಲ. ಪ್ರಯಾಣಿಕರು ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅವರ ಕೋವಿ ಆ ದೇಶದ ನೆಲ ಮುಟ್ಟಿರುತ್ತದೆ. ಈ ತೊಡಕುಗಳಿಂದ ತಪ್ಪಿಸಿಕೊಳ್ಳಲೆಂದೇ ಅನೇಕ ಬೇಟೆಗಾರರು ಸ್ವಂತ ಕೋವಿಯನ್ನು ಮನೆಯಲ್ಲಿ ಬಿಟ್ಟು, ಹೋದಲ್ಲಿ ಬಾಡಿಗೆಗೆ ಪಡೆಯುತ್ತಾರೆ.

ಮರೆತ ಒಂದು ತೋಟಾ

ಎಲ್ಲಕ್ಕಿಂತ ದೊಡ್ಡ ಅಪಾಯ ಕೋವಿಯಲ್ಲಿಲ್ಲ, ಚೀಲದ ಮೂಲೆಯಲ್ಲಿ ಉಳಿದ ಒಂದು ತೋಟಾದಲ್ಲಿದೆ. 2024ರಲ್ಲಿ ಕೆರಿಬಿಯನ್ ಸಮುದ್ರದ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳಲ್ಲಿ ಕೆಲವು ಅಮೆರಿಕನ್ ಪ್ರವಾಸಿಗರು ಬಂಧಿತರಾದರು. ಅವರ ಬಳಿ ಕೋವಿ ಇರಲಿಲ್ಲ. ಸಾಮಾನಿನಲ್ಲಿ ತೋಟಾಗಳು ಸಿಕ್ಕಿದ್ದವು. ಹಿಂದೆ ಬೇಟೆಗೆ ಹೋದಾಗ ಉಳಿದದ್ದು, ಗಮನಿಸಲಿಲ್ಲ ಎಂದು ಅವರಲ್ಲಿ ಕೆಲವರು ಹೇಳಿದರು. ಅಲ್ಲಿನ ಕಾನೂನಿನಂತೆ ಆ ಅಪರಾಧಕ್ಕೆ ಕನಿಷ್ಠ ಶಿಕ್ಷೆ 12 ವರ್ಷ ಸೆರೆ. ನ್ಯಾಯಾಲಯಗಳು ವಿಶೇಷ ಸಂದರ್ಭವೆಂದು ಪರಿಗಣಿಸಿ ಅಮಾನತಿನ ಶಿಕ್ಷೆ ಮತ್ತು ದಂಡ ವಿಧಿಸಿ ಬಿಟ್ಟವು. ಆದರೆ ತೀರ್ಪು ಬರುವವರೆಗೆ ಅವರು ದ್ವೀಪ ಬಿಟ್ಟು ಮನೆಗೆ ಹೋಗಲಾರದೆ ಕಾಯಬೇಕಾಯಿತು.

ಭಾರತದ ವಿಮಾನ ನಿಲ್ದಾಣಗಳಲ್ಲೂ ಇಂಥ ಪ್ರಕರಣಗಳು ಆಗಾಗ ವರದಿಯಾಗುತ್ತವೆ. ಆಯುಧ ತನ್ನ ಬಳಿ ಇದೆಯೆಂಬ ಅರಿವು ಇದ್ದರೆ ಮಾತ್ರ ಅದು ಅಪರಾಧ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಇದನ್ನು ಆಧರಿಸಿ ಹೈಕೋರ್ಟುಗಳು ಹಲವರ ಮೇಲಿನ ಪ್ರಕರಣ ರದ್ದು ಮಾಡಿವೆ. ಆದರೆ ಅಲ್ಲಿಯವರೆಗೆ ಠಾಣೆ, ವಕೀಲರು, ತಪ್ಪಿದ ವಿಮಾನ ಎಲ್ಲವನ್ನೂ ಅನುಭವಿಸಿಯೇ ತೀರಬೇಕು. ಬೇಟೆಯ ಚೀಲವನ್ನು ಬೇರೆ ಪ್ರಯಾಣಕ್ಕೆ ಬಳಸಬಾರದು ಎಂಬ ಅನುಭವಿಗಳ ಮಾತಿನಲ್ಲಿ ಬಹಳ ಅರ್ಥವಿದೆ.

ಬೇಟೆಯಾಡಿದ ಪ್ರಾಣಿಯ ಕೊಂಬು, ಚರ್ಮಗಳನ್ನು ತರುವ ಆಸೆಯಿದ್ದರೆ ಅದಕ್ಕೆ ಇನ್ನೊಂದು ಸಾಲು ಕಾಗದಗಳಿವೆ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ಕುರಿತ 1973ರ ‘ಸೈಟಿಸ್’ ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿದೆ. 2022ರ ತಿದ್ದುಪಡಿ ಅದನ್ನು ವನ್ಯಜೀವಿ ಕಾಯ್ದೆಯೊಳಗೇ ತಂದಿದೆ.

ಇಷ್ಟೆಲ್ಲ ಕಾಗದ ಯಾಕೆ ಎಂದು ಕೇಳುವವರಿದ್ದಾರೆ. ಕೋವಿ ಒಮ್ಮೆ ಲೆಕ್ಕ ತಪ್ಪಿದರೆ ಮತ್ತೆ ಲೆಕ್ಕಕ್ಕೆ ಸಿಗುವುದು ಕಷ್ಟ. ಪ್ರತಿ ಗಡಿಯಲ್ಲೂ ಕ್ರಮಸಂಖ್ಯೆ ಬರೆದುಕೊಳ್ಳುವುದರ ಉದ್ದೇಶ ಹೋದ ಕೋವಿಯೇ ಮರಳಿ ಬಂತು ಎಂದು ಖಚಿತಪಡಿಸಿಕೊಳ್ಳುವುದು. ಪ್ರಾಮಾಣಿಕರಿಗೆ ಅದು ಕಿರಿಕಿರಿ ಎನಿಸಬಹುದು. ಆದರೆ ಆಪತ್ತು ಬಂದಾಗ ಅವರನ್ನು ಕಾಯುವುದೂ ಅದೇ ಸಂಖ್ಯೆ.

ಇನ್ನು ಕಾಡಿನ ಮೃಗವನ್ನು ಕಣ್ತುಂಬ ನೋಡುವುದೇ ಆಸೆಯಾದರೆ ದೂರ ಹೋಗಬೇಕಾಗಿಲ್ಲ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ವನ್ಯಜೀವಿ ಲೋಕದಲ್ಲಿ ಹೆಸರು ಗಳಿಸಿದ್ದು ಕ್ಯಾಮೆರಾ ಹಿಡಿದು. 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮದಲ್ಲಿ ಸಂಜೆ ಬಂಡೆಗಳ ಸಂದಿನಿಂದ ಇಳಿದು ಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ನೋಡಲು ಜಿಲ್ಲಾಧಿಕಾರಿಯ ಪರವಾನಗಿ ಬೇಡ, ಕಸ್ಟಮ್ಸ್ ಪತ್ರವೂ ಬೇಡ. ಪ್ರವೇಶದ ಚೀಟಿ ಸಾಕು.