ಸ್ಯಾಕ್ರೋಇಲಿಯಾಕ್ ಕೀಲಿನ ನೋವು ಮತ್ತು ಕೈರೋಪ್ರ್ಯಾಕ್ಟಿಕ್ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು ಹಾಗೂ ಮಸ್ಕಿ ಭಾಗದಲ್ಲಿ ಭತ್ತದ ನಾಟಿಯ ಕಾಲಕ್ಕೆ ಮಹಿಳಾ ಕಾರ್ಮಿಕರು ದಿನವಿಡೀ ಬಾಗಿ ದುಡಿಯುತ್ತಾರೆ. ಸೊಂಟನೋವು ಅವರಿಗೆ ಹೊಸದಲ್ಲ. ಆದರೆ ಎಲ್ಲ ಸೊಂಟನೋವೂ ಬೆನ್ನುಮೂಳೆಯದಲ್ಲ. ಕೆಲವು ಸ್ಯಾಕ್ರೋಇಲಿಯಾಕ್ ಕೀಲಿಗೆ ಸಂಬಂಧಿಸಿರುತ್ತವೆ.

ಕೀಲಿನ ಸ್ವರೂಪ
ಬೆನ್ನುಮೂಳೆಯ ತಳದ ತ್ರಿಕಾಸ್ಥಿಯು ಎರಡೂ ಪಕ್ಕಗಳಲ್ಲಿ ಸೊಂಟದ ಎಲುಬಿಗೆ ಸೇರುವ ಸ್ಥಳವೇ ಈ ಕೀಲು. ದೇಹದ ಮೇಲ್ಭಾಗದ ಭಾರವನ್ನು ಕಾಲುಗಳಿಗೆ ದಾಟಿಸುವ ಇದರ ಚಲನೆ ಕೆಲವೇ ಡಿಗ್ರಿಗಳಷ್ಟು.

ಲಕ್ಷಣಗಳು
1. ಸೊಂಟದ ಕೆಳಗೆ, ಹೆಚ್ಚಾಗಿ ಒಂದೇ ಪಕ್ಕದಲ್ಲಿ, ಪೃಷ್ಠದವರೆಗೆ ಹರಡುವ ನೋವು.
2. ಕುಳಿತಲ್ಲಿಂದ ಏಳುವಾಗ, ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ ನೋವು ಹೆಚ್ಚುವುದು.

ಕಾರಣಗಳು
ಗರ್ಭಾವಸ್ಥೆ ಹಾಗೂ ಹೆರಿಗೆ, ಬೀಳುವಿಕೆ, ಕಾಲುಗಳ ಉದ್ದದಲ್ಲಿನ ವ್ಯತ್ಯಾಸ, ಸಂಧಿವಾತ ಮತ್ತು ಸೋಂಕು ಮುಖ್ಯ ಕಾರಣಗಳಾಗಿವೆ. ಕುರಿ, ಮೇಕೆ, ದನಗಳಿಂದ ಹಾಗೂ ಕಾಯಿಸದ ಹಾಲಿನಿಂದ ತಗಲುವ ಬ್ರುಸೆಲ್ಲೋಸಿಸ್ ರೋಗವು ಈ ಕೀಲಿಗೆ ತಾಗುವುದುಂಟು. ಪಶುಪಾಲಕರಿಗೆ ಜ್ವರ, ಬೆವರಿನೊಂದಿಗೆ ಸೊಂಟನೋವು ಬಂದಲ್ಲಿ ರಕ್ತಪರೀಕ್ಷೆ ಅವಶ್ಯ. ಇದಕ್ಕೆ ವಾರಗಟ್ಟಲೆ ಔಷಧ ಬೇಕೇ ಹೊರತು ಎಲುಬು ಒತ್ತುವುದರಿಂದ ಗುಣವಾಗದು.

ಕೈರೋಪ್ರ್ಯಾಕ್ಟಿಕ್ ಚಿಕಿತ್ಸೆ
1895ರಲ್ಲಿ ಅಮೆರಿಕದಲ್ಲಿ ಡಿ.ಡಿ. ಪಾಮರ್ ಆರಂಭಿಸಿದ ಈ ಪದ್ಧತಿಯಲ್ಲಿ ಕೀಲಿಗೆ ಕೈಯಿಂದ ಕ್ಷಿಪ್ರ ಒತ್ತಡ ನೀಡಲಾಗುತ್ತದೆ. ಆಗ ಕೇಳಿಬರುವ ‘ಟಕ್’ ಎಂಬ ಸದ್ದು ಜಾರಿದ ಎಲುಬು ಕೂಡಿದ್ದರ ಗುರುತಲ್ಲ. ಇಂತಹ ಒತ್ತಡದಿಂದ ಈ ಕೀಲಿನ ಎಲುಬುಗಳ ಸ್ಥಾನ ಬದಲಾಗುವುದಿಲ್ಲವೆಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕೆಲವರಿಗೆ ನೋವು ತಗ್ಗುವುದು ನಿಜ. ಆದರೆ ಶಾಶ್ವತ ಪರಿಹಾರದ ಭರವಸೆಯನ್ನು ನಂಬಬಾರದು. ಸೊಂಟ ಹಾಗೂ ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದೊಂದಿಗೆ ಇದು ಪೂರಕ ಮಾತ್ರ. ಅರ್ಹ ಫಿಸಿಯೋಥೆರಪಿಸ್ಟ್‌ಗಳೂ ಕೈಚಿಕಿತ್ಸೆ ನೀಡುತ್ತಾರೆ.

ಕೈಚಿಕಿತ್ಸೆಗೆ ಮುನ್ನ ವೈದ್ಯರನ್ನು ಕಾಣಲೇಬೇಕಾದವರು
1. ಜ್ವರ, ತೂಕ ಇಳಿಕೆ, ಕ್ಯಾನ್ಸರ್ ಅಥವಾ ಕ್ಷಯರೋಗದ ಹಿನ್ನೆಲೆ ಉಳ್ಳವರು.
2. ಬಿದ್ದು ಪೆಟ್ಟಾದವರು, ಎಲುಬು ಸವೆತವುಳ್ಳ ವೃದ್ಧರು, ಗರ್ಭಿಣಿಯರು.
3. 45 ವರ್ಷದೊಳಗೆ ನೋವು ಆರಂಭವಾಗಿ, ಮೂರು ತಿಂಗಳು ಮೀರಿ, ಬೆಳಗಿನ ಬಿಗಿತವು ಓಡಾಡಿದಾಗ ಸಡಿಲವಾಗುವವರು.

ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು ಅಥವಾ ತೊಡೆಸಂದು ಮರಗಟ್ಟುವುದು ತುರ್ತು ಸ್ಥಿತಿಯಾಗಿದ್ದು, ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು.

ಸೇವೆ ಪಡೆಯುವ ವಿಧಾನ
1. ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು. ಅಗತ್ಯವಿದ್ದಲ್ಲಿ ಸಿಂಧನೂರು ಅಥವಾ ಲಿಂಗಸುಗೂರು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಶಿಫಾರಸು ಪಡೆಯಬಹುದು.
2. ಆಧಾರ್ ಹಾಗೂ ಪಡಿತರ ಚೀಟಿಯನ್ನು ಜೊತೆಗೆ ಒಯ್ಯುವುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ನೆರವು ಲಭ್ಯ.
3. ಖಾಸಗಿ ಕೇಂದ್ರಕ್ಕೆ ಹೋಗುವವರು, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಡಿ ಅದು ನೋಂದಣಿಯಾಗಿದೆಯೇ, ಚಿಕಿತ್ಸಕರ ವಿದ್ಯಾರ್ಹತೆ ಏನು ಎಂಬುದನ್ನು ಖಚಿತಪಡಿಸಿಕೊಳ್ಳುವುದು.

ನೋವಿನ ಕಾರಣ ತಿಳಿದ ನಂತರವೇ ಕೀಲಿನ ಮೇಲೆ ಕೈಯಿಡಲು ಅವಕಾಶ ನೀಡುವುದು ಕ್ಷೇಮಕರ.